ಐದನೇ ಬಗೆ

ಹಸಿಮೆಣಸಿನಕಾಯಿ ತರಕಾರಿಯೋ ಅಲ್ಲವೋ ಎಂಬ, ಘನ ಸರ್ಕಾರವೇ ಸಭೆ ಸೇರಿ ತೀರ್ಮಾನಿಸಬೇಕಾದ ಪ್ರಶ್ನೆ ಅಂದು ಬೆಳಿಗ್ಗೆ, ಮುಕ್ಕಾಲು ಎಕರೆಯ ಒಡತಿ ಬದನೆಕಾಯಿ ಅಕ್ಕನ ಜಗಲಿಯ ಮೇಲೆ ಇತ್ಯರ್ಥಕ್ಕೆ ಕೂತಿತು.

ಪ್ರಶ್ನೆಯನ್ನು ಹೊತ್ತು ತಂದವರು ಸರ್ವೇ ಸಾಹೇಬರು. ಮನೆಮಂದಿ ನಿನ್ನೆ ಎಷ್ಟು ಬಗೆಯ ಆಹಾರ ತಿಂದರೆಂದು ಅವರು ಬರೆದುಕೊಳ್ಳಬೇಕು. ಐದು ಬಗೆ ಸಿಕ್ಕಿತೋ, ಮನೆ ಸುಭಿಕ್ಷ, ಪಡಿತರ ಖೋತಾ. ನಾಲ್ಕು ಆಗಲೇ ಭರ್ತಿಯಾಗಿದ್ದವು: ಗಂಜಿ, ಒಗ್ಗರಣೆಗೆ ತೋರಿಸಿದ ಎಣ್ಣೆ, ಸಕ್ಕರೆ, ಹಾಲು. ಹಾಲನ್ನು ಅಕ್ಕ ಪಕ್ಕದ ಮನೆಯಿಂದ ಕಡ ತಂದು ಸಾಹೇಬರ ಚಹಾಕ್ಕೇ ಹಾಕಿದ್ದಳು. ಆದರೇನು, ಸರ್ಕಾರಿ ಕಣ್ಣಿಗೆ ಬಿದ್ದದ್ದು ಬಿದ್ದಂತೆಯೇ.

"ಗಂಜಿಗೆ ಏನು ನಂಚ್ಕೊಂಡ್ರಿ?"

"ಒಂದು ಮೆಣಸಿನಕಾಯಿ ಸ್ವಾಮಿ. ಐದು ಜನಕ್ಕೆ."

"ತರಕಾರಿ, ಹೌದು." ಪೆನ್ನು ಎತ್ತಿದರು.

"ಅಯ್ಯೋ, ಅದು ತರಕಾರಿನಾ? ಜಾಸ್ತಿ ನೀರು ಕುಡಿದು ಹೊಟ್ಟೆ ತುಂಬಲಿ ಅಂತ ಕಚ್ಚೋದು ಸ್ವಾಮಿ!"

"ಗಿಡದಲ್ಲಿ ಬಿಡುತ್ತೆ, ಹಸಿರಾಗಿದೆ. ಇನ್ನೇನಮ್ಮ, ಕೋಳಿನಾ ಅದು? ಅಂಗಳದಲ್ಲಿ ಎರಡು ಮಂಕರಿ ಬದನೆಕಾಯಿ ಇಟ್ಕೊಂಡು ಅಳ್ತೀಯಲ್ಲ, ನಾಚಿಕೆ ಆಗಲ್ವಾ? ಬೇಯಿಸ್ಕೊಂಡು ತಿನ್ನೋಕೂ ಸೋಮಾರಿತನ ನಿಮಗೆ."

"ಅದನ್ನ ತಿಂದ್ರೆ ಅಕ್ಕಿ ನಿಮ್ಮಪ್ಪ ತಂದ್ಹಾಕ್ತಾನಾ?" ಒಳಗಿನಿಂದ ಅತ್ತೆಯ ದನಿ. "ಸಂತೇಲಿ ಮಾರಿದ್ರೆ ನಾಲ್ಕು ದಿನದ ಗಂಜಿ, ತಿಂದ್ರೆ ಒಂದು ದಿನದ ಬದನೆ. ಇಷ್ಟು ಓದಿದ್ದೀಯ, ಗೊತ್ತಾಗಲ್ವೇನೋ ಮುಂಡೇದೇ?"

ಸಾಹೇಬರು ಕಿವುಡರಾಗಿ ಬರೆಯಲು ಬಗ್ಗಿದರು. ಅಕ್ಕ ಒಳಗೆ ಹೋಗಿ, ಮಾರಲೆಂದು ಕಿತ್ತಿಟ್ಟಿದ್ದ ಮೆಣಸಿನಕಾಯಿಯಲ್ಲಿ ಒಂದು ತಟ್ಟೆ ತುಂಬಿಸಿ ತಂದು ಅವರ ಮುಂದಿಟ್ಟಳು. ಅವರ ಕೈಯಲ್ಲಿದ್ದ ಚಹಾದ ಲೋಟವನ್ನು ಮೆಲ್ಲಗೆ ಬಿಡಿಸಿಕೊಂಡಳು.

"ತರಕಾರಿ ಸ್ವಾಮಿ. ತಿಂದು ಬರೀರಿ."

"ಏಯ್, ತಮಾಷೆನಾ?"

"ತಮಾಷೆ ಎಲ್ಲಿಂದ ಬಂತು? ತಿನ್ನಕ್ಕಾಗಲ್ಲ ಅಂದ್ರೆ ತರಕಾರಿ ಅಂತ ಬರೆದಿದ್ದಕ್ಕೆ ಗೆರೆ ಹೊಡೀರಿ." ಅವರ ಚಪ್ಪಲಿಗಳನ್ನು ಬೆನ್ನ ಹಿಂದೆ ಸರಿಸಿಕೊಂಡು ಮೆಟ್ಟಿಲಿಗೆ ಅಡ್ಡ ಕೂತಳು.

ಬೀದಿಯ ಜನ ಸೇರಿದ್ದರು. ಇಷ್ಟು ಜನರೆದುರು ಸರ್ಕಾರ ಸೋಲುವುದುಂಟೇ? ಸಾಹೇಬರು ಒಂದನ್ನು ಕಚ್ಚಿಯೇಬಿಟ್ಟರು. ಮೂಗು, ಕಣ್ಣು, ಬಾಯಿ ಒಟ್ಟಿಗೇ ಸುರಿಯತೊಡಗಿದವು.

"ನೀರು! ನೀರು ಕೊಡೇ!"

"ನೀರು ಯಾವ ಬಗೆ ಸ್ವಾಮಿ? ಆರನೇದಾ?"

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಜಗಲಿಯ ಪಕ್ಕಕ್ಕೆ ಧುಮುಕಿ ಬರಿಗಾಲಲ್ಲಿ ಓಡಿದರು.

ಮುಂದಿನ ತಿಂಗಳಿಂದ ಆ ಮನೆಯ ಪಡಿತರ ನಿಂತಿತು. ನೋಟೀಸಿನಲ್ಲಿ ಕಾರಣವನ್ನೂ ಕೊಟ್ಟಿದ್ದರು: ಸರ್ವೇಗೆ ಬಂದ ನೌಕರರಿಗೂ ತಟ್ಟೆ ತುಂಬ ತರಕಾರಿ ಬಡಿಸುವಷ್ಟು ಅನುಕೂಲಸ್ಥ ಕುಟುಂಬ.