ಬಾಗಿಲಿನ ಮಾಲೀಕ

ಚಾವಣಿಯ ತೂತಿನಿಂದ ಮೊದಲು ಒಂದು ಬೂಟು ಇಳಿಯಿತು. ಆಮೇಲೆ ಧೂಳು, ಧೂಳಿನ ಜೊತೆ ಅಟ್ಟ ಹೊಕ್ಕಿದ್ದ ಪಾಸಮ್ ಎಂಬ ಮರವಾಸಿ ಪ್ರಾಣಿಗಳ ಒಣ ಹಿಕ್ಕೆ. ಒಂದು ಹಿಕ್ಕೆ ನೇರ, ಕೆಳಗೆ ಹಾಸಿಗೆಯಲ್ಲಿದ್ದ ವಾರಿಕ್‌ನ ತುಟಿಯ ಮೇಲೆ ಬಿದ್ದು ಅಲ್ಲೇ ಕೂತಿತು. ಕೈಯೆತ್ತಿ ಒರೆಸಿಕೊಳ್ಳುವ ಹಾಗಿಲ್ಲ. ಕುತ್ತಿಗೆಯಿಂದ ಕೆಳಗಿನದ್ದೆಲ್ಲ ಅವನ ಮಾತು ಕೇಳುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಉಗುಳಿದ. ಅದು ಗಲ್ಲಕ್ಕೆ ಜಾರಿತು.

"ಅಯ್ಯೋ, ಸಾರಿ ಗುರು!" ಎಲೆಕ್ಟ್ರಿಷಿಯನ್ ಫೊನುವಾ ಏಣಿಯಿಂದ ಧುಮುಕಿ, ಬೆವರಿನಲ್ಲಿ ತೊಯ್ದ ತನ್ನ ಅಂಗಿಯ ಚುಂಗಿನಿಂದಲೇ ಒರೆಸಿದ. "ಮೇಲೆ ಒಂದು ಸಂಸಾರವೇ ಇದೆ ಕಣಯ್ಯಾ. ಉಚ್ಚೆ ವಾಸನೆಗೆ ತಲೆ ತಿರುಗ್ತಿದೆ."

"ಅವೂ ಬಾಗಿಲು ತಟ್ಟದೆ ಒಳಗೆ ಬಂದಿದ್ದಾವೆ ಅನ್ನು."

ಫೊನುವಾ ನಕ್ಕ. ವಾರಿಕ್ ನಗಲಿಲ್ಲ.

ವೈಯಲ್ಲಾ ಊರಿನ ಆ ಪುಟ್ಟ ಮನೆಯ ಹೊರಗೋಡೆಗೆ ಒಂದು ಕಬ್ಬಿಣದ ಡಬ್ಬಿ, ಡಬ್ಬಿಯೊಳಗೆ ಬೀಗದ ಕೈ. ಡಬ್ಬಿ ತೆರೆಯುವ ಸಂಖ್ಯೆ ಅವನನ್ನು ನೋಡಿಕೊಳ್ಳುವ ಸಂಸ್ಥೆಯ ಎಲ್ಲರಿಗೂ ಗೊತ್ತು. ಪಾಳಿಯವರು ಬರುತ್ತಾರೆ, ಬಟ್ಟೆ ಒಗೆಯುವವರು ಬರುತ್ತಾರೆ, ಹಾಸಿಗೆಯ ಅಳತೆ ತೆಗೆಯುವವರು ಬರುತ್ತಾರೆ. ಒಂದು ದಿನ ಬೆಳಿಗ್ಗೆ ಅವನನ್ನು ಬೆತ್ತಲೆಯಾಗಿ, ರೋಗಿಗಳನ್ನು ಎತ್ತುವ ಯಂತ್ರದ ಜೋಳಿಗೆಗೆ ಹಾಕಿ, ಕಸಾಯಿಖಾನೆಯ ಕೊಕ್ಕೆಗೆ ತೂಗುಬಿಟ್ಟ ಹಾಗೆ ತೂಗುಬಿಟ್ಟಿದ್ದಾಗ ಬಾಗಿಲು ತೆರೆದು ತರಬೇತಿಗೆ ಸೇರಿದ್ದ ಐದು ಜನ ಹೊಸಬರು ಸಾಲಾಗಿ ಒಳಗೆ ಬಂದಿದ್ದರು. "ಹಾಯ್ ವಾರಿಕ್!" ಎಂದಿದ್ದರು, ಐವರೂ ಒಟ್ಟಿಗೆ, ಶಾಲೆಯ ಮಕ್ಕಳ ಹಾಗೆ. ಅವರಲ್ಲೊಬ್ಬಳು ಚ್ಯೂಯಿಂಗ್ ಗಮ್ ಅಗಿಯುತ್ತಿದ್ದಳು.

ಮನೆಯೆಲ್ಲ ಮಾತಿಗೆ ಓಗೊಡುವ ವ್ಯವಸ್ಥೆ ಬೇಕೆಂದು ಅರ್ಜಿ ಹಾಕಿದ್ದು ಆ ದಿನವೇ. ಯಾಕೆ ಬೇಕು ಎಂಬ ಕಾಲಮ್ಮಿನಲ್ಲಿ ಒಂದೇ ಸಾಲು ಬರೆಸಿದ್ದ: ಬಾಗಿಲಲ್ಲಿ ನಿಂತವರಿಗೆ ಬರಬೇಡ ಎನ್ನುವುದಕ್ಕೆ. ಮಂಜೂರಾಗಲು ಎರಡು ವರ್ಷ ಹಿಡಿಯಿತು.

"ಎಲ್ಲಿ, ಹೇಳು ನೋಡೋಣ," ಎಂದ ಫೊನುವಾ.

"ದೀಪ."

ಹತ್ತಿತು.

"ಫ್ಯಾನು."

ತಿರುಗಿತು. ಪರದೆ ಎಂದದ್ದಕ್ಕೆ ಪರದೆ ಗೊರಗೊರ ಮೇಲೆದ್ದು ಕೆಂಪು ಮಣ್ಣಿನ ಹಿತ್ತಲು ಕಾಣಿಸಿತು. ಇಳಿ ಎಂದ, ಇಳಿಯಿತು. ಮತ್ತೆ ಏಳು ಎಂದ. ಹೀಗೆ ಆರು ಸಲ.

"ಮೋಟಾರು ಸುಟ್ಟೀಯ ಮಾರಾಯ! ಈಗ ಬಾಗಿಲು ಹೇಳು."

ವಾರಿಕ್ ಬಾಯಿ ತೆರೆಯುವಷ್ಟರಲ್ಲಿ ಬೀಗ ತಾನಾಗಿ ಕಟಕ್ಕೆಂದಿತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೊಬ್ಬರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕಿನ ಡಬ್ಬಿ ಹಿಡಿದು ಸಂಸ್ಥೆಯ ಮೇಲ್ವಿಚಾರಕಿ ಕೋರಲ್ ಒಳಗೆ ಬಂದಳು.

"ರಸ್ತೇಲಿ ನಿಂತೇ ಫೋನಿಂದ ಬಾಗಿಲು ತೆಗೆದೆ! ಎಷ್ಟು ಚೆನ್ನಾಗಿದೆ! ಏನ್ ಪುಟ್ಟಾ, ನಾವಿವತ್ತು ಖುಷಿಯಾಗಿದ್ದೀವಾ?"

ಪುಟ್ಟನಿಗೆ ನಲವತ್ತಾರು ವರ್ಷ. ದಿನಕ್ಕೆ ಇನ್ನೂರು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಆಸಾಮಿ. ಕೋರಲ್ ಕೇಕು ಮುಟ್ಟಿದ ಕೈಯಲ್ಲೇ ಅವನ ತಲೆ ನೇವರಿಸಿದಳು. ಕೊಬ್ಬರಿ ಮತ್ತು ಸ್ಯಾನಿಟೈಸರ್ ಬೆರೆತ ಸಿಹಿ ನಾತ ಮೂಗಿಗೆ ಬಡಿಯಿತು. ಮುಖ ತಿರುಗಿಸಿದ. ಅವನ ಕೈಲಾಗುವುದು ಅಷ್ಟೇ.

ಟ್ಯಾಬ್ಲೆಟ್ ನೋಡುತ್ತಿದ್ದ ಫೊನುವಾ ಕತ್ತು ಕೆರೆದುಕೊಂಡ. "ಕೋರಲ್, ಇದರಲ್ಲಿ ಮಾಲೀಕ ಅಂತ ನಿಮ್ಮ ಆಫೀಸಿನ ಹೆಸರಿದೆ. ಇವನನ್ನ ಅತಿಥಿ ಅಂತ ಹಾಕಿದ್ದೀರಲ್ಲ."

"ಎಲ್ಲಾ ಮನೇಲೂ ಹಾಗೇ ಹಾಕೋದು."

"ಅತಿಥಿ ಅಂದ್ರೆ ಏನು?" ವಾರಿಕ್ ಕೇಳಿದ.

ಫೊನುವಾ ಟ್ಯಾಬ್ಲೆಟ್ಟಿನಿಂದ ಕಣ್ಣೆತ್ತಲಿಲ್ಲ. "ನೀನು ತೆಗಿ ಅಂದ್ರೆ ತೆಗೆಯತ್ತೆ. ತೆಗೀಬೇಡ ಅಂದ್ರೆ ಕೇಳಲ್ಲ. ಅವರ ಲಿಸ್ಟಲ್ಲಿರೋ ಫೋನೆಲ್ಲ ಬಾಗಿಲು ತೆಗೀಬಹುದು."

"ಎಷ್ಟು ಫೋನು?"

"ಮೂವತ್ನಾಲ್ಕು."

"ಇನ್ನೇನೇನು ಹಾಕಿದ್ದಾರೆ? ಓದು."

"ಬೆಳಿಗ್ಗೆ ಆರೂಕಾಲಿಗೆ ಎಲ್ಲಾ ದೀಪ, ಪರದೆ ಮೇಲೆ, ರೇಡಿಯೋ ಜೋರಾಗಿ. ಇದಕ್ಕೆ 'ವಾರಿಕ್‌ನ ಇಷ್ಟ' ಅಂತ ಹೆಸರಿಟ್ಟಿದ್ದಾರೆ."

"ನಾನು ಏಳೋದೇ ಒಂಬತ್ತಕ್ಕೆ!"

"ಬೆಳಗಿನ ಪಾಳಿ ಆರೂವರೆಗಲ್ವಾ ಚಿನ್ನ," ಎಂದಳು ಕೋರಲ್. "ಅವರು ಬರೋಷ್ಟರಲ್ಲಿ ನಾವು ಎದ್ದು ರೆಡಿಯಾಗಿದ್ರೆ ಚೆಂದ."

ಕೋಪ ಬಂದಿದ್ದರೆ ವಾಸಿಯಿತ್ತು. ಬಂದದ್ದು ಹೇಸಿಗೆ. ಹಿಂದೆ ಬೆಳ್ಳಗೆ ದಪ್ಪಗಿದ್ದ ಉಣ್ಣೆಯ ಮೇಲೆ ಕತ್ತರಿ ಆಡಿಸುತ್ತಿರುವಾಗ, ಅಡಿಯಲ್ಲಿ ಹುಳ ಬಿದ್ದ ಹಸಿ ಗಾಯಕ್ಕೆ ಬೆರಳು ಹೊಕ್ಕರೆ ಆಗುತ್ತಿತ್ತಲ್ಲ, ಅಂಥದು. ಆಗಲಾದರೂ ಕೈ ಹಿಂದಕ್ಕೆಳೆದುಕೊಳ್ಳಬಹುದಿತ್ತು.

"ಮಾಲೀಕ ನಾನು ಅಂತ ಬದಲಾಯಿಸು," ಎಂದ.

"ಅವರ ಫೋನಿಂದ್ಲೇ ಆಗಬೇಕು ಗುರು. ಮಾಲೀಕ ಒಬ್ಬನೇ ಇರೋದು."

"ಹಾಗಾದ್ರೆ ನೀನು ಬದಲಾಯಿಸು ಕೋರಲ್."

"ನಿನಗೆ ಉಸಿರು ಕಟ್ಟಿದ್ರೆ? ಬಾಗಿಲು ಒಡೀಬೇಕಾ ನಾವು?"

"ಆಂಬುಲೆನ್ಸಿನವರಿಗೆ ಕೊಡ್ತೀನಿ. ದಿನಾ ಬರೋ ಇಬ್ಬರಿಗೂ ಕೊಡ್ತೀನಿ. ಕೊಡೋನು ನಾನಾಗಿರಬೇಕು, ಅಷ್ಟೇ."

"ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ ಪುಟ್ಟಾ." ಕೋರಲ್ ಹಾಸಿಗೆಯ ಅಂಚಿಗೆ ಕೂತಳು. ಅವನ ಕಾಲ ಮೇಲೆಯೇ ಕೂತಿದ್ದಳು. ಅದು ಅವಳಿಗೆ ಗೊತ್ತಾಗಲಿಲ್ಲ, ಅವನಿಗೆ ಕಾಣುತ್ತಿತ್ತು. "ಅರ್ಜಿ ನಿನ್ನ ಹೆಸರಲ್ಲಿದೆ. ಒಪ್ಪಿದ್ದೇನೆ ಅಂತ ನಿನ್ನ ದನೀಲೇ ರೆಕಾರ್ಡ್ ಆಗಬೇಕು. ಇಲ್ಲಾಂದ್ರೆ ಫೊನುವಾ ಎಲ್ಲಾ ಬಿಚ್ಚಿ ವಾಪಸ್ ತಗೊಂಡು ಹೋಗ್ತಾನೆ. ಮತ್ತೆ ಎರಡು ವರ್ಷ ಕಾಯ್ತೀಯಾ?"

ವಾರಿಕ್ ಮೇಲೆ ತಿರುಗುತ್ತಿದ್ದ ಫ್ಯಾನಿನತ್ತ ಕಣ್ಣೆತ್ತಿದ.

ಅವಳು ಫೋನಿನ ಮೇಲೆ ಬೆರಳಾಡಿಸಿದಳು. ಮುಖ ಅರಳಿತು. "ತಗೋ, ನಿನಗೋಸ್ಕರ ಇಷ್ಟು ಮಾಡ್ತೀನಿ. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಪೂರ್ತಿ ನಿಂದೇ. ನಾನೂ ಬರೋಕಾಗಲ್ಲ! ಬೇರೆ ಯಾರಿಗೂ ಕೊಟ್ಟಿಲ್ಲ, ಗೊತ್ತಾ?" ಫೋನನ್ನು ಅವನ ಬಾಯಿಯ ಹತ್ತಿರ ತಂದಳು. "ಒಪ್ಪಿದ್ದೇನೆ ಅನ್ನು, ಸಾಕು."

"ಒಪ್ಪಿಕೊಳ್ಳೋ," ಎಂದ ಫೊನುವಾ ಮೆಲ್ಲಗೆ. "ಗಾಳಿಯಾದ್ರೂ ಇರತ್ತೆ. ನಾಳೆ ನಲವತ್ಮೂರು ಡಿಗ್ರಿಯಂತೆ."

ಗಾಳಿ ಕೆನ್ನೆಗೆ, ಹಣೆಗೆ, ಅವನಲ್ಲಿ ಇನ್ನೂ ಉಳಿದಿದ್ದ ಅಷ್ಟಗಲಕ್ಕೆ ಬೀಸುತ್ತಿತ್ತು. ಹಿತವಾಗಿತ್ತು.

"ಬೇಡ," ಎಂದ ವಾರಿಕ್. "ಎಲ್ಲಾ ಬಿಚ್ಚು."