ನನ್ನೊಳಗಿನ ಗೇಣುದ್ದ ಪೈಪು

“ಹುಳ ಜ್ವರದಿಂದ ಏಳೋದ್ರೊಳಗೆ ನಿನ್ನ ಅಂಗಳದಲ್ಲಿರ್ತವೆ, ಬೋರಕ್ಕ. ಇದು ನನ್ನ ಮಾತು.”

ಚಿಕ್ಕತಾಯಮ್ಮ ಹೀಗೆ ಮಾತು ಕೊಟ್ಟು ಬಹಳ ವರ್ಷಗಳಾದವು. ಕೊಡುವಾಗ ಅವಳ ಒಡೆದ ಹಿಮ್ಮಡಿಗಳು ನನ್ನಿಂದ ಒಂದು ಮೊಳ ದೂರದಲ್ಲಿದ್ದವು. ಹಿಮ್ಮಡಿ ಅಲುಗಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಆ ಮಾತನ್ನು ಹೊತ್ತು ಓಡಬೇಕಾದ ಗಾಡಿಯ ಹೊಟ್ಟೆಯೇ ನಾನು. ಒಳಗೆ ಏನೇನಿದೆ ಎಂದು ನನಗೆ ಗೊತ್ತಿತ್ತು.

ನಾನು ಒಂದು ಪೆಟ್ರೋಲ್ ಟ್ಯಾಂಕು. ತಗಡಿನ ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಹಚ್ಚಿ ಬೆಸೆದಾಗ ಹುಟ್ಟಿದೆ. ಹುಟ್ಟಿದ ಕೂಡಲೇ ನನ್ನನ್ನು ನೀರಿನಲ್ಲಿ ಮುಳುಗಿಸಿ, ಒಳಗೆ ಗಾಳಿ ತುಂಬಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಹುಟ್ಟಿದ ಕೂಸನ್ನೇ ಅನುಮಾನಿಸುವ ಜನರ ಕೈಯಲ್ಲಿ ಕಣ್ಣು ಬಿಟ್ಟ ಮೇಲೆ ನನ್ನ ಗುಣ ಬೇರೆ ಹೇಗಿದ್ದೀತು?

ಆಮೇಲೆ ನನ್ನ ನೆತ್ತಿಯ ತೂತಿನಿಂದ ಒಂದು ಪಂಪನ್ನು ಒಳಗೆ ಇಳಿಸಿದರು. ಪಂಪಿನ ಬಾಯಿಂದ ಮೇಲಿನ ಮುಚ್ಚಳದವರೆಗೆ ಗೇಣುದ್ದದ ಒಂದು ಕಪ್ಪು ಪೈಪು. ಪಂಪು ಪೆಟ್ರೋಲನ್ನು ಮೇಲಕ್ಕೆ ತಳ್ಳಬೇಕು, ಪೈಪು ಅದನ್ನು ಮುಚ್ಚಳಕ್ಕೆ ಮುಟ್ಟಿಸಬೇಕು, ಅಲ್ಲಿಂದ ಅದು ಇಂಜಿನ್ನಿಗೆ ಹೋಗಬೇಕು. ಮುಚ್ಚಳ ಬಿಗಿದರು. ಕತ್ತಲಲ್ಲಿ ನಮ್ಮ ಸಂಸಾರ ಶುರುವಾಯಿತು. ಮೊದಲು ಕೈಕೊಡುವುದು ಈ ಪೈಪೇ ಎಂದು ಅವತ್ತೇ ಅಂದುಕೊಂಡೆ.

ನನ್ನ ಮೊದಲ ಯಜಮಾನ ಮೈಸೂರಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವವನು. ವ್ಯಾನಿನ ಅಡಿಯಲ್ಲಿ ನೇತಾಡುವ ನನಗೆ ಜನರೆಂದರೆ ಕಾಲುಗಳು. ಅವನನ್ನು ನಾನು ಸವೆದ ಒಂದು ಜತೆ ಹವಾಯಿ ಚಪ್ಪಲಿಯಾಗಿಯೇ ಬಲ್ಲೆ. ಎರಡನೆಯವನು ಶಾಮಿಯಾನ ಬಾಡಿಗೆಗೆ ಕೊಡುವವನು. ಅವನು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ನನಗೆ ಕುಡಿಸಿದ. ಪಂಪು ಕೆಮ್ಮಿತು, ಇಂಜಿನ್ನು ಹೊಗೆಯುಗುಳಿತು. ಪೈಪು ಮಾತ್ರ ಮೊದಲ ದಿನ ಇದ್ದ ಹಾಗೆಯೇ ಇತ್ತು. ಅಷ್ಟು ಸುಮ್ಮನಿರುವವರನ್ನು ಕಂಡರೆ ನನಗೆ ಇನ್ನೂ ಅನುಮಾನ.

ಮೂರನೆಯವಳೇ ಚಿಕ್ಕತಾಯಮ್ಮ, ಮಳವಳ್ಳಿ ಕಡೆಯವಳು. ಗಾಡಿ ಕೊಳ್ಳುವ ಮೊದಲು ಅವಳು ಇಂಜಿನ್ನು ನೋಡಲಿಲ್ಲ. ಒಳಗೆ ತಲೆ ಹಾಕಿ ಸೀಟು ಮೂಸಿದಳು, ನೆಲ ಮೂಸಿದಳು, ಬಾಗಿಲ ಸಂದು ಮೂಸಿದಳು.

“ಯಾವತ್ತಾದ್ರೂ ಔಷಧಿ ಡಬ್ಬ ಹೊತ್ತಿತ್ತಾ ಈ ಗಾಡಿ? ನಿಜ ಹೇಳಣ್ಣ.”

ಶಾಮಿಯಾನದವನು ನಕ್ಕ. “ಕುರ್ಚಿ ಹೊತ್ತದೆ, ಕಂಬ ಹೊತ್ತದೆ, ಒಂದ್ಸಲ ನಮ್ಮತ್ತೇನೂ ಹೊತ್ತದೆ. ಔಷಧಿ ಹೊತ್ತಿಲ್ಲ ಕಣವ್ವ.”

ನನ್ನ ಜಾತಿಯವಳು ಸಿಕ್ಕಳು ಎಂದುಕೊಂಡೆ.

ಅವಳದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಇರುವೆಯಷ್ಟಿರುವ ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರ ಮನೆಗೆ ಮುಟ್ಟಿಸುವುದು ಅವಳ ಕಸುಬು. ಹುಳು ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ, ಅಲುಗದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಸಾಗಿಸುವುದಿದ್ದರೆ ಆಗಲೇ ಸಾಗಿಸಬೇಕು. ಎದ್ದ ಮೇಲೆ ಅದಕ್ಕೆ ಹಸಿವೋ ಹಸಿವು. ಮೊದಲ ಸೊಪ್ಪು ಸಾಕುವ ಮನೆಯಲ್ಲೇ ಬೀಳಬೇಕು. ತಿಂದ ಹುಳುವನ್ನು ಮತ್ತೆ ಕುಲುಕಬಾರದು. ಗಿಡಕ್ಕೆ ಹೊಡೆಯುವ ಔಷಧಿಯ ವಾಸನೆ ತಾಗಿದರೂ ಸಾಕು, ತಟ್ಟೆಗಟ್ಟಲೆ ಸಾಯುತ್ತವೆ.

ಬೋರಮ್ಮ ಗುಡ್ಡದಾಚೆಯ ಊರಿನ ಹೆಂಗಸು. ಸೊಸೆಯ ಜತೆ ಸೇರಿ ಹುಳು ಸಾಕುವವಳು. ಹಿಂದೆ ಹುಳು ಕೊಡುತ್ತಿದ್ದವನು ದಾರಿಯಲ್ಲಿ ಹೊತ್ತು ಮಾಡಿ, ಎದ್ದು ಹಸಿದು ಸೊರಗಿದ ಹುಳುಗಳನ್ನು ತಂದು ಅವಳ ಅಂಗಳದಲ್ಲಿ ಇಳಿಸಿದ್ದ. ಆ ಬೆಳೆಯೆಲ್ಲ ತಿಪ್ಪೆ ಸೇರಿತು. ಅಂದಿನಿಂದ ಅವಳು ಯಾರನ್ನೂ ನಂಬುತ್ತಿರಲಿಲ್ಲ. ಚಿಕ್ಕತಾಯಮ್ಮ ಮಾತು ಕೊಟ್ಟದ್ದು ಅಂಥವಳಿಗೆ. ಬೆಳೆಯ ಮೇಲೆ ಬೆಳೆ, ವರ್ಷದ ಮೇಲೆ ವರ್ಷ, ಅದನ್ನು ನಡೆಸಿಕೊಂಡೂ ಬಂದಳು.

ಕೊನೆಗೆ ಹಳೆಯ ಪೈಪಿಗೆ ವಯಸ್ಸಾಗಿ ತುದಿ ಸೀಳಿತು. ಮೆಕ್ಯಾನಿಕ್ ಮುನೀರ ನನ್ನನ್ನು ಇಳಿಸದೆ, ಸೀಟಿನ ಕೆಳಗಿನಿಂದಲೇ ಮುಚ್ಚಳ ತೆಗೆದು ಅದನ್ನು ಎಳೆದುಕೊಂಡ. ಅದೇ ಅಳತೆಯ ತೂತಿರುವ ಪೆಟ್ರೋಲ್ ಪೈಪನ್ನು ಅಂಗಡಿಯ ಸುರುಳಿಯಿಂದ ಕತ್ತರಿಸಿ ತರಿಸಿ ಹಾಕಿದ. ಹೊಸಬ ನುಣ್ಣಗೆ ಹೊಳೆಯುತ್ತಿದ್ದ. ಮೊದಲ ಸಲ ಫುಲ್ ಟ್ಯಾಂಕ್ ಮಾಡಿಸಿದಾಗ ಅವನ ಮೈ ಉಬ್ಬಿದ್ದು ನನಗೆ ಗೊತ್ತಾಯಿತು. ಎರಡನೆಯ ಸಲ ಮೆತ್ತಗಾಗಿ, ಬಿಗಿದ ಕ್ಲಿಪ್ಪಿನಿಂದ ಜಾರಿಬಿಟ್ಟ. ಪಂಪು ತಳ್ಳಿದ ಪೆಟ್ರೋಲೆಲ್ಲ ಮೇಲೆ ಹೋಗದೆ ಮತ್ತೆ ನನ್ನೊಳಗೇ ಸುರಿಯಿತು. ಗಾಡಿ ನಿಂತಿತು. ಪುಣ್ಯಕ್ಕೆ, ಹುಳು ಇಳಿಸಿ ಬರಿದಾಗಿ ಮರಳುತ್ತಿದ್ದ ಹೊತ್ತು.

ಈ ಸಲ ಮುನೀರ ನನ್ನನ್ನು ಕಳಚಿ ಗ್ಯಾರೇಜಿನ ಅಂಗಳದಲ್ಲಿ ಮಲಗಿಸಿದ. ಅವತ್ತು ಮೊದಲ ಸಲ ಚಿಕ್ಕತಾಯಮ್ಮನ ಮುಖ ನೋಡಿದೆ. ಹಿಮ್ಮಡಿಗಿಂತ ಹೆಚ್ಚು ದಣಿದ ಮುಖ.

ಮುನೀರ ಪೈಪನ್ನು ಹಿಡಿದೆಳೆದ. ಹೊರಸಿಪ್ಪೆ ನೆನೆದ ಅವರೆಕಾಳಿನ ಸಿಪ್ಪೆಯ ಹಾಗೆ ಅವನ ಬೆರಳಿಗೇ ಬಂತು.

“ಪೀಸು ಸರಿಗಿಲ್ಲ ಅಕ್ಕ. ಇದು ನೋಡಿ, ಮೇಲೆ ದಾರ ಹೆಣೆದದ್ದು. ಗಟ್ಟಿ ಮಾಲು.”

“ಇದೂ ಪೆಟ್ರೋಲ್ ಪೈಪೇ ತಾನೆ?”

“ಪೆಟ್ರೋಲ್ ಪೈಪೇ.”

“ಪೆಟ್ರೋಲ್ ಒಳಗೆ ಹರಿಯೋಕೆ. ಇಲ್ಲಿ ಮೈಯೆಲ್ಲಾ ಮುಳುಗಿರ್ತದಲ್ಲ ಮುನೀರ? ಕೊಡೆ ಹಿಡಿದೋನ್ನ ಕೆರೆಗೆ ತಳ್ಳಿದ್ರೆ ಕೊಡೆ ಏನ್ ಮಾಡ್ತದೆ?”

ಅವಳು ಸಿಪ್ಪೆ ಕಳಚಿದ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ತಾನೇ ಅಂಗಡಿಗೆ ಹೋದಳು. ಮಧ್ಯಾಹ್ನ ಬಂದಾಗ ಕೈಯಲ್ಲಿ ಬೇರೊಂದು ತುಂಡಿತ್ತು. ಸಣಕಲು, ಬಿರುಸು, ಹೊಳಪಿಲ್ಲದ್ದು.

“ಟ್ಯಾಂಕಿನೊಳಗೆ ಮುಳುಗಿರೋ ಪೈಪಾ, ಹಂಗಂತ ಯಾರೂ ಕೇಳಲೇ ಇಲ್ವಲ್ಲಮ್ಮ ಅಂತಾನೆ. ತೂತಿನ ಅಳತೆ ಕೇಳಿದ್ರು, ಕೊಟ್ಟೆ ಅಂತಾನೆ. ಇಷ್ಟುದ್ದಕ್ಕೆ ಬೆಳ್ಳಿ ರೇಟು ಹೇಳ್ದ. ಅದಕ್ಕೇ ನಂಗೆ ಇದರ ಮೇಲೂ ಅನುಮಾನ.”

ನನಗೂ ಅಷ್ಟೇ. ಅಂಗಡಿಯವನ ಬಾಯಿಮಾತಲ್ಲದೆ ಬೇರೆ ಸಾಕ್ಷಿ ಏನಿತ್ತು?

“ಹೊಸ ತೋಟದ ಸೊಪ್ಪು ಬಂದ್ರೆ ನಾವು ಮೊದಲು ಒಂದು ಹಿಡಿ ಹುಳಕ್ಕೆ ಹಾಕಿ ಕಾಯ್ತೀವಿ,” ಎಂದಳು. “ಅವು ಬದುಕಿದ್ರೆ ಮಿಕ್ಕವಕ್ಕೆ.”

“ಪೈಪಿಗೂ ಸೊಪ್ಪು ತಿನ್ನಿಸ್ತೀರಾ ಅಕ್ಕ?”

“ತಿನ್ನಿಸ್ತೀನಿ. ಎರಡು ಗಾಜಿನ ಬಾಟ್ಲಿ ತಾ.”

ಮುನೀರನ ದಾರದ ಪೈಪು, ತಾನು ತಂದ ಸಣಕಲು ಪೈಪು, ಎರಡರಿಂದಲೂ ಒಂದೊಂದು ತುಂಡು ಕತ್ತರಿಸಿ, ಎರಡೂ ತುದಿಗೆ ಬೋಲ್ಟು ತುರುಕಿಸಿದಳು. ಪೆಟ್ರೋಲ್ ಒಳಗೆ ಹೋಗದೆ ಹೊರಮೈಗೆ ಮಾತ್ರ ತಾಗಲಿ ಎಂದು. ಪೆಟ್ರೋಲ್ ತುಂಬಿದ ಬಾಟಲಿಗಳಲ್ಲಿ ಒಂದೊಂದನ್ನು ಮುಳುಗಿಸಿ ನನ್ನ ಪಕ್ಕದಲ್ಲೇ ಇಟ್ಟರು.

ಮುನೀರನಿಗೆ ಕಸಿವಿಸಿ. “ಬೋರಮ್ಮನ ಹುಳ ನಾಳೆ ಏಳ್ತವೆ ಅಂದ್ರಲ್ಲ? ಈಗಲೇ ದಾರದ್ದು ಹಾಕ್ಬಿಡ್ತೀನಿ. ಒಂದು ಟ್ರಿಪ್ಪಿಗೆ ಏನೂ ಆಗಲ್ಲ.”

“ನೀನು ಮೊದಲು ಹಾಕಿದ್ದು ಎರಡನೇ ಟ್ಯಾಂಕಿಗೆ ಸತ್ತೋಯ್ತು. ಇದು ಮೊದಲ್ನೇ ಟ್ಯಾಂಕಿಗೇ ಸತ್ರೆ? ಗುಡ್ಡದ ಮೇಲೆ, ಬಿಸಿಲಲ್ಲಿ, ಹುಳ ತುಂಬ್ಕೊಂಡು?”

“ಹಂಗಾರೆ ಬೇರೆ ಗಾಡಿ ಮಾಡ್ಕೊಳ್ಳಿ.”

“ನಿನ್ನೆ ಅದು ಏನು ಹೊತ್ತಿತ್ತೋ ಯಾರಿಗ್ಗೊತ್ತು? ಬುಡು.”

ಮರುದಿನ ಬೆಳಕು ಹರಿಯುವಾಗ ಅವಳು ಬಂದು ಬಾಟಲಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎರಡು ತುಂಡುಗಳೂ ಒಂದೇ ಥರ ಇದ್ದವು. ಹಿಸುಕಿ ನೋಡಿದಳು. ಎರಡೂ ಗಟ್ಟಿ.

“ನೋಡಿದ್ರಾ?” ಎಂದ ಮುನೀರ. “ಎರಡೂ ಪಾಸು. ಯಾವುದಾದ್ರೂ ಹಾಕೋಣ.”

ಆಗ ಹೊರಟಿದ್ದರೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದಿತ್ತು. ಅವಳು ಮೇಲೇಳಲಿಲ್ಲ. “ಎರಡೂ ಪಾಸಾದ್ರೆ ಅದು ಪರೀಕ್ಷೆ ಹೆಂಗಾಯ್ತು? ಇನ್ನೊಂದು ಚೂರು ಕಾಯಿ.”

ಬಿಸಿಲು ಅಂಗಳಕ್ಕೆ ಇಳಿಯಿತು. ಚಾಕಿ ಕೇಂದ್ರದಿಂದ ಗಂಡನ ಫೋನು ಬಂತು. ಅವನ ದನಿ ನನಗೂ ಕೇಳಿಸಿತು. “ಒಂದೊಂದೇ ಅಲುಗಾಡ್ತಾವೆ ಕಣೆ. ಎಲ್ಲಿದ್ದೀಯೆ?”

ಅವಳು ಫೋನು ಕಿವಿಗೊತ್ತಿಕೊಂಡು ಬಾಟಲಿಯನ್ನೇ ನೋಡುತ್ತಿದ್ದಳು. ದಾರದ ಪೈಪಿದ್ದ ಬಾಟಲಿಯ ಪೆಟ್ರೋಲು ಚಹಾದ ಬಣ್ಣಕ್ಕೆ ತಿರುಗಿತ್ತು. ತೆಗೆದು ಹಿಸುಕಿದಾಗ ಹೆಣಿಗೆಯ ಸಂದುಗಳಿಂದ ರಬ್ಬರು ಮೇಣದಂತೆ ಹೊರಬಂತು. ಸಣಕಲು ಪೈಪು ಮಾತ್ರ ಒಂದು ಕೂದಲೆಳೆಯಷ್ಟೂ ಉಬ್ಬಿರಲಿಲ್ಲ.

“ಇದನ್ನ ಹಾಕು,” ಎಂದಳು. “ಬೇಗ.”

ಮುನೀರನ ಕೈ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಕಂಡಿಲ್ಲ. ಪೈಪು ಬಿಗಿದ, ಮುಚ್ಚಳ ಹಾಕಿದ, ನನ್ನನ್ನು ಗಾಡಿಗೆ ಏರಿಸಿದ. ಚಾಕಿ ಕೇಂದ್ರದಲ್ಲಿ ತಟ್ಟೆಗಳು ಏರಿದವು. ಫುಲ್ ಟ್ಯಾಂಕಿನೊಂದಿಗೆ ಗುಡ್ಡ ಹತ್ತುವಾಗ ಇಂಜಿನ್ನು ಎಲ್ಲೂ ತಡವರಿಸಲಿಲ್ಲ. ದಾರಿಯುದ್ದಕ್ಕೂ ನಾನು ಮಾತ್ರ ಆ ಪೈಪನ್ನು ಕಾಯುತ್ತಲೇ ಇದ್ದೆ, ಈಗ ಜಾರೀತು, ಇನ್ನೇನು ಜಾರೀತು ಎಂದು.

ಬೋರಮ್ಮನ ಅಂಗಳದಲ್ಲಿ ಆಗ ತಾನೇ ತೊಳೆದ ಎರಡು ಒದ್ದೆ ಪಾದಗಳು ಬಂದು ನಿಂತವು. ತಟ್ಟೆಯ ಮೇಲಿನ ಕಾಗದ ಸರಿಸಿದ ಸದ್ದು.

“ಎದ್ದವೆ.”

“ದಾರೀಲಿ ಎದ್ದವು, ಬೋರಕ್ಕ.”

“ಮಾತು ಕೊಟ್ಟಿದ್ದೆ ನೀನು.”

“ಕೊಟ್ಟಿದ್ದೆ.”

“ಗಾಡಿ ಕೆಟ್ಟೋಯ್ತಾ?”

“ಕೆಡಬಾರ್ದು ಅಂತ ಕಾಯ್ದೆ.”

“ಆಹಾ! ಕಾಯೋಕೆ ನಿಂಗೆ ನನ್ನ ಬೆಳೆಯೇ ಬೇಕಾಗಿತ್ತು!” ಪಾದಗಳು ಗಕ್ಕನೆ ಮನೆಯ ಕಡೆಗೆ ತಿರುಗಿದವು. “ಏ ಹುಡುಗಿ, ಏನ್ ನೋಡ್ತಾ ನಿಂತಿದ್ದೀಯೆ? ಸೊಪ್ಪು ತತ್ತಾ! ಬಾಯಿ ಬಿಡ್ತಾವೆ!”

ಬೆಳೆ ಪೂರ್ತಿ ಹೋಗಲಿಲ್ಲ. ಕೆಲವು ತಟ್ಟೆಗಳ ಹುಳು ಹಿಂದುಳಿದವು, ಕೆಲವು ಸತ್ತವು, ಮಿಕ್ಕವು ಗೂಡು ಕಟ್ಟಿದವು. ಬೋರಮ್ಮ ಎಣಿಸಿದ್ದಷ್ಟು ಬರಲಿಲ್ಲ. ದಾರದ ಪೈಪು ಆ ಒಂದು ಪ್ರಯಾಣವನ್ನು ತಡೆದುಕೊಳ್ಳುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಗುಡ್ಡದ ಮೇಲೆ ನಿಂತಿದ್ದರೆ ಒಂದು ಹುಳುವೂ ಉಳಿಯುತ್ತಿರಲಿಲ್ಲ, ಅದು ಗೊತ್ತು.

ಮುಂದಿನ ಬೆಳೆಗೆ ಬೋರಮ್ಮ ಬೇರೆ ಕಡೆಯಿಂದ ಹುಳು ತಂದಳು. ಅದರ ಮುಂದಿನದಕ್ಕೆ ತಾನೇ ಬಸ್ಸು ಹತ್ತಿ ಚಿಕ್ಕತಾಯಮ್ಮನ ಬಾಗಿಲಿಗೆ ಬಂದಳು. ತಟ್ಟೆಗಳ ಪಕ್ಕದಲ್ಲಿ, ವ್ಯಾನಿನ ಹಿಂಬದಿಯಲ್ಲಿ ಕೂತು, ಹುಳುವನ್ನು ಕಣ್ಣಲ್ಲೇ ಕಾಯುತ್ತಾ ಊರಿಗೆ ಹೋದಳು. ಆಮೇಲೆ ಪ್ರತಿ ಬೆಳೆಗೂ ಹಾಗೆಯೇ. ಅವಳ ಭಾರ ನನ್ನ ಮೇಲೇ ಬೀಳುತ್ತಿತ್ತು.

ಈಗ ವ್ಯಾನಿನ ನೆಲ ತುಕ್ಕು ಹಿಡಿದು ಉದುರಿಹೋಗಿದೆ. ನಾನು ಗುಜರಿಯ ಮೂಲೆಯಲ್ಲಿ, ಒಡೆದ ಸೈಕಲ್ ರಿಮ್ಮುಗಳ ನಡುವೆ ಬಿದ್ದಿದ್ದೇನೆ. ಖಾಲಿ ಟ್ಯಾಂಕಿನೊಳಗಿನ ಆವಿಗೆ ಇಲ್ಲಿ ಎಲ್ಲರೂ ಹೆದರುತ್ತಾರೆ; ಬೀಡಿ ಸೇದುವವರು ನನ್ನಿಂದ ದೂರ ಸರಿದು ಕಡ್ಡಿ ಗೀರುತ್ತಾರೆ. ಸಣಕಲು ಪೈಪು ಇನ್ನೂ ನನ್ನೊಳಗೆ ಗಟ್ಟಿಯಾಗಿಯೇ ಇದೆ. ಇಷ್ಟು ವರ್ಷ ಅದನ್ನು ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಅನುಮಾನಕ್ಕೂ ಹೊತ್ತು ಬೇಕು, ಆ ಹೊತ್ತನ್ನು ಯಾರದೋ ಪಾಲಿನಿಂದಲೇ ತೆಗೆಯಬೇಕಾಗುತ್ತದೆ ಎಂಬುದಷ್ಟೇ ನಾನು ಕಲಿತದ್ದು.

ಹುಳು ಏಳುವ ಮೊದಲು ಅಂಗಳ ಮುಟ್ಟಿಸುತ್ತೇನೆ ಎಂದು ಚಿಕ್ಕತಾಯಮ್ಮ ಬೋರಮ್ಮನಿಗೆ ಕೊಟ್ಟ ಮಾತು ಅವತ್ತು ಮುರಿಯಿತು.