ದಾನಮ್ಮ ಸಾಕು ಅಂದ್ರೆ ಸಾಕು

ಆಸ್ಪತ್ರೆಯಿಂದ ಯಾರಾದ್ರೂ ಮನೆಗೆ ವಾಪಸ್ ಬಂದ್ರೆ ನಾವು ಮಾಡೋ ಮೊದಲ ಕೆಲಸ ಏನು ಹೇಳಿ? ಒಲೆ ಹಚ್ಚೋದು. ಪಾಪ, ಸೊರಗಿ ಹೋಗಿದ್ದಾಳೆ, ಇನ್ನೊಂದು ತುತ್ತು ತಿನ್ನಲಿ ಅಂತ ತಟ್ಟೆ ತುಂಬಿಸೋದು. ಅವಳು ಬೇಡ ಬೇಡ ಅಂದಷ್ಟೂ ನಮಗೆ ಪ್ರೀತಿ ಉಕ್ಕಿ ಬರುತ್ತೆ. ನಮ್ಮ ಪಕ್ಕದಂಗಡಿ ದಾನಮ್ಮನಿಗೂ ಹಿಂಗೇ ಆಯ್ತು, ಆ ಪ್ರೀತಿಗೆ ಅವಳು ನನ್ನ ಅಂಗಡಿ ನೆಲದ ಮೇಲೆ ಕುಸಿದು ಕೂತಳು.

ನಾನು ರೇಖಾ. ಬಿಟಿಎಂ ಲೇಔಟ್‌ನಲ್ಲಿ ಬ್ಲೌಸ್ ಹೊಲಿಯೋ ಅಂಗಡಿ ಇಟ್ಕೊಂಡಿದ್ದೀನಿ. ಗೋಡೆಯಾಚೆ ದಾನಮ್ಮ ಮತ್ತೆ ಅವಳ ಗಂಡ ತಿಪ್ಪಣ್ಣ ಖಾನಾವಳಿ ನಡೆಸ್ತಾರೆ. ಬಾಗಲಕೋಟೆ ಕಡೆಯವರು. ಆಫೀಸಿನ ಹುಡುಗರೆಲ್ಲ ಮಧ್ಯಾಹ್ನ ಅಲ್ಲೇ ಬಂದು ರೊಟ್ಟಿ ಊಟ ಮಾಡ್ತಾರೆ. ನನ್ನ ಬಾಯಿ ಸ್ವಲ್ಪ ಜೋರು, ಈಗಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ.

ದಾನಮ್ಮನ ತೂಕ ವರ್ಷ ವರ್ಷ ಏರ್ತಾನೇ ಹೋಗಿತ್ತು. ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್ ಚುಚ್ಕೋಬೇಕು. ಮಂಡಿ ನೋವಿಗೆ ಒಲೆ ಮುಂದೆ ನಿಲ್ಲೋಕಾಗದೆ ಸ್ಟೂಲ್ ಹಾಕ್ಕೊಂಡು ರೊಟ್ಟಿ ಬಡೀತಿದ್ಳು. ಮಲಗಿದ್ರೆ ಉಸಿರು ಕಟ್ಟೋದು. ಅನ್ನ ಬಿಟ್ಟಳು, ಯಾರೋ ಕೊಟ್ಟ ಪುಡಿ ಕಲಸಿ ಕುಡಿದಳು, ವಾಕಿಂಗ್ ಹೋಗಿ ಕಾಲು ಊದಿಸ್ಕೊಂಡು ಬಂದಳು. ಏನೂ ನಾಟಲಿಲ್ಲ. ಕೊನೆಗೆ ಜಯನಗರದ ಒಂದು ಆಸ್ಪತ್ರೇಲಿ ಎಲ್ಲಾ ಪರೀಕ್ಷೆ ಮಾಡಿ, ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ನಿಮಗೆ ಸರಿಹೋಗುತ್ತೆ ಅಂತ ಡಾಕ್ಟ್ರು ಹೇಳಿದ್ರು. ದಪ್ಪ ಇರೋರಿಗೆಲ್ಲ ಅದು ಬೇಕಾಗಲ್ಲ, ನಿಮಗೆ ಬೇಕು, ಆದರೆ ಆಪರೇಷನ್ ಅರ್ಧ ಕೆಲಸ ಮಾತ್ರ, ಉಳಿದರ್ಧ ನಿಮ್ಮ ಊಟದ್ದು ಅಂತಾನೂ ಹೇಳಿ ಕಳಿಸಿದ್ರು.

ಬೀದೀಲಿ ಮಾತು ಶುರುವಾಯ್ತು. ಬಾಯಿ ಕಟ್ಟಿದ್ರೆ ಆಗ್ತಿರಲಿಲ್ವಾ, ಹೊಟ್ಟೆ ಯಾಕೆ ಕುಯ್ಸ್ಕೋಬೇಕು ಅಂತ ನನ್ನ ಗಿರಾಕಿಗಳೇ ನನ್ನ ಮುಂದೆ ಆಡಿಕೊಂಡ್ರು. ನನಗೆ ಮೈಯೆಲ್ಲಾ ಉರಿದುಹೋಯ್ತು. ಬಿಪಿಗೆ ಮಾತ್ರೆ ನುಂಗೋಳಿಗೆ ಯಾರೂ ಸೋಮಾರಿ ಅನ್ನಲ್ಲ, ಇದೂ ಕಾಯಿಲೆಗೆ ಮಾಡೋ ಚಿಕಿತ್ಸೆನೇ ಕಣ್ರೀ ಅಂತ ಅವರಿಗೆ ಅಲ್ಲೇ ಬಿಸಿ ಮುಟ್ಟಿಸಿದೆ.

ಆಪರೇಷನ್ ಸಲೀಸಾಗಿ ಆಯ್ತು. ಮಗಳನ್ನ ನೋಡ್ಕೊಳ್ಳೋಕೆ ಅಂತ ಊರಿಂದ ದಾನಮ್ಮನ ತಾಯಿ ರೇಣವ್ವ ಬಂದ್ರು. ಗಟ್ಟಿ ಹೆಂಗಸು. ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿ ಕೈ ಪಳಗಿದೆ. ಆದರೆ ಇಲ್ಲಿ ಅವರ ಕೈ ಕಟ್ಟಿಹಾಕಿದಂಗಾಯ್ತು. ಮೊದಮೊದಲು ಬರೀ ತೆಳು ಮಜ್ಜಿಗೆ, ಬೇಳೆ ಕಟ್ಟು, ಅದೂ ಗುಟುಕು ಗುಟುಕಾಗಿ. ಆಮೇಲೆ ನುಣ್ಣಗೆ ಅರೆದದ್ದು, ಚಮಚದಲ್ಲಿ. ಬಾಣಂತಿಗೆ ತುಪ್ಪ ಸುರಿದು ಬಡಿಸಿದ ಕೈ ಅದು, ಮಗಳು ಎರಡು ಚಮಚಕ್ಕೆ ಸಾಕು ಅಂದಾಗಲೆಲ್ಲ ಸೆರಗಲ್ಲಿ ಕಣ್ಣೊರೆಸ್ಕೊಳ್ಳೋದು. ನನ್ನ ಅಂಗಡಿಗೆ ಬಂದು ಕೂತು, ಕೂಸಿಗೂ ಇದಕ್ಕಿಂತ ಜಾಸ್ತಿ ತಿನ್ನಿಸ್ತಾರೆ ಅಂತ ಅಳೋರು. ತಾಯಿ ಸಂಕಟ ನನಗೂ ಅರ್ಥ ಆಗ್ತಿತ್ತು.

ದಾನಮ್ಮ ಮೆತ್ತಗಿನ ಊಟ ಶುರು ಮಾಡಿದ ಮೇಲೆ ಒಂದು ಸೋಮವಾರ ರೇಣವ್ವ ಲಿಂಗಪೂಜೆ ಮುಗಿಸಿ ಗೋಧಿ ಹುಗ್ಗಿ ಮಾಡಿದ್ರು. ಬೆಲ್ಲ, ತುಪ್ಪ, ಗಸಗಸೆ, ಯಾವುದಕ್ಕೂ ಕಮ್ಮಿ ಇಲ್ಲ. ಹುಗ್ಗಿ ಮೆತ್ತಗೇ ಇರುತ್ತಲ್ಲ, ಅದರಿಂದ ಏನಾಗುತ್ತೆ ಅಂತ ಬಟ್ಟಲು ತುಂಬಾ ಹಾಕಿ ಮಗಳ ಕೈಗಿಟ್ಟರು. ಅವರ ಮನೇಲಿ ಲಿಂಗಕ್ಕೆ ಎಡೆ ಹಿಡಿದದ್ದು ಪ್ರಸಾದ. ಪ್ರಸಾದ ಬೇಡ ಅನ್ನೋಹಾಗಿಲ್ಲ, ಒಂದಗುಳು ಬಿಡೋಹಾಗಿಲ್ಲ. ತಿಂದಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿದುಬಿಡಬೇಕು. ಅನ್ನಕ್ಕೆ ಅಷ್ಟು ಮರ್ಯಾದೆ ಕೊಡೋ ಜನ ಅವರು. ದಾನಮ್ಮನಿಗೆ ಅರ್ಧಕ್ಕೇ ಎದೆ ಒತ್ತಿದಂಗಾಯ್ತಂತೆ. ಆದರೂ ಪೂರ್ತಿ ತಿಂದಳು, ಲೋಟದಷ್ಟು ನೀರು ಹಾಕಿ ಬಟ್ಟಲು ತೊಳೆದು ಕುಡಿದಳು.

ಆಮೇಲೆ ಬ್ಲೌಸ್ ಅಳತೆ ಕೊಡೋಕೆ ಅಂತ ನನ್ನ ಹತ್ರ ಬಂದಳು. ನಾನು ಟೇಪ್ ಹಿಡಿದು ನಿಂತಿದ್ದೀನಿ, ಇವಳ ಮುಖದಲ್ಲಿ ಬೆವರು ಕಿತ್ತುಕೊಂಡು ಬರ್ತಿದೆ. ಎದೆ ಡವಡವ ಅಂತಿದೆ ಅಕ್ಕ ಅಂದಳು. ಕೈ ನಡುಗ್ತಿತ್ತು, ಹೊಟ್ಟೆ ಹಿಡ್ಕೊಂಡು ಅಲ್ಲೇ ಕೂತಳು, ವಾಂತಿ ಮಾಡಿದಳು. ತಿಪ್ಪಣ್ಣ ಓಡಿ ಬಂದು ಆಟೋ ಹತ್ತಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ.

ಸಂಜೆಗೆ ವಾಪಸ್ ಬಂದ್ರು. ಡಾಕ್ಟ್ರು ಪರೀಕ್ಷೆ ಮಾಡಿ ಆಪರೇಷನ್ ಆದ ಜಾಗಕ್ಕೆ ಏನೂ ಆಗಿಲ್ಲ, ಊಟದ್ದೇ ಎಡವಟ್ಟು ಅಂದಿದ್ರು. ಆದರೆ ರೇಣವ್ವ ಅಷ್ಟರಲ್ಲಿ ಮಗಳ ಬಟ್ಟೆ ಬ್ಯಾಗಿಗೆ ತುಂಬಿಟ್ಟಿದ್ರು. ಆಪರೇಷನ್ನೇ ಕೆಟ್ಟಿದೆ, ಇಲ್ಲಿದ್ರೆ ಮಗಳು ಉಳಿಯಲ್ಲ, ಊರಿಗೆ ಕರ್ಕೊಂಡು ಹೋಗಿ ನಾನೇ ನೋಡ್ಕೊತೀನಿ, ಈ ಮಾತ್ರೆ, ಪರೀಕ್ಷೆ ಎಲ್ಲಾ ಸಾಕು ಅಂತ ಹಠ. ತಿಪ್ಪಣ್ಣನೂ ಮೆತ್ತಗಾಗಿದ್ದ, ಅತ್ತೆ ಹೇಳೋದೂ ಸರಿ ಇರಬಹುದು ಅಂತಿದ್ದ. ದಾನಮ್ಮನೂ ಹೆದರಿಬಿಟ್ಟಿದ್ಳು. ನನಗೆ ಬೇರೆಯದೇ ಚಿಂತೆ. ಇವಳು ಈಗ ಊರಿಗೆ ಹೋದ್ರೆ ರಕ್ತ ಪರೀಕ್ಷೆ ತಪ್ಪುತ್ತೆ, ಮಾತ್ರೆ ತಪ್ಪುತ್ತೆ, ದಿನಾ ಹುಗ್ಗಿ ಹೋಳಿಗೆ ಹೊಟ್ಟೆ ಸೇರುತ್ತೆ. ಅಷ್ಟು ಧೈರ್ಯ ಮಾಡಿ ಆಪರೇಷನ್ ಮಾಡಿಸ್ಕೊಂಡಿದ್ದೆಲ್ಲ ನೀರುಪಾಲು.

ನಾನು ರೇಣವ್ವನ ಕೈಯಿಂದ ಬ್ಯಾಗ್ ಕಿತ್ತುಕೊಂಡೆ. "ಅಮ್ಮಾ, ಊರಿಗೆ ನಾಳಿದ್ದು ಹೋಗಿ. ನಾಳೆ ಆಸ್ಪತ್ರೆಗೆ ಬನ್ನಿ. ನಿಮಗೆ ಏನೇನು ಕೋಪ ಇದೆಯೋ ಅಲ್ಲಿಯವರ ಮುಂದೇನೇ ಕೂತು ಜಗಳ ಆಡಿ, ನಾನೂ ಜೊತೆಗಿರ್ತೀನಿ" ಅಂದೆ. ಜಗಳ ಅಂದದ್ದಕ್ಕೋ ಏನೋ, ಒಪ್ಪಿದ್ರು.

ಅಲ್ಲಿ ಆಪರೇಷನ್ ಆದವರ ಊಟ ನೋಡ್ಕೊಳ್ಳೋಕೆ ಅಂತಾನೇ ಮೇಘಶ್ರೀ ಅಂತ ಒಬ್ಬರು ಡಯಟಿಶಿಯನ್ ಇದ್ದಾರೆ. ರೇಣವ್ವ ಬೈದದ್ದನ್ನೆಲ್ಲ ಆಯಮ್ಮ ತಾಳ್ಮೆಯಿಂದ ಕೇಳಿಸ್ಕೊಂಡ್ರು. ಆಮೇಲೆ ರೇಣವ್ವನ ಸೊಂಟದಲ್ಲಿದ್ದ ಎಲೆ ಅಡಿಕೆ ಸಂಚಿ ತೋರಿಸಿ, ಮೊದಲು ನಿಮ್ಮ ಮಗಳ ಹೊಟ್ಟೆ ಒಂದು ದೊಡ್ಡ ಚೀಲ, ಈಗ ಈ ಸಂಚಿಯಷ್ಟೇ ಅಜ್ಜಿ ಅಂದ್ರು. ಸಂಚಿಗೆ ಚೀಲದಷ್ಟು ತುಂಬಿದ್ರೆ ವಾಂತಿನೇ ಗತಿ. ಬೆಲ್ಲ, ಸಕ್ಕರೆ ಆ ಸಂಚೀಲಿ ನಿಲ್ಲದೆ ಸೀದಾ ಕರುಳಿಗೆ ಇಳಿಯುತ್ತೆ, ಮೈಯಲ್ಲಿರೋ ನೀರನ್ನ ಅಲ್ಲಿಗೆ ಎಳ್ಕೊಳ್ಳುತ್ತೆ, ಅದಕ್ಕೇ ಬೆವರು, ನಡುಕ, ಎದೆ ಬಡಿತ. ಊಟದ ಜೊತೆ ನೀರು ಕುಡಿದ್ರೆ ಇನ್ನೂ ಬೇಗ ಜಾರುತ್ತೆ. ಆಪರೇಷನ್ ಕೆಟ್ಟಿಲ್ಲ, ಹೊಸ ಹೊಟ್ಟೆಗೆ ಹಳೇ ಲೆಕ್ಕದಲ್ಲಿ ಬಡಿಸಿದ್ದೀರಿ ಅಷ್ಟೇ ಅಂದ್ರು.

ರೇಣವ್ವ ಅಷ್ಟಕ್ಕೆ ಬಗ್ಗೋರಲ್ಲ. "ಹಂಗಾರ ಪ್ರಸಾದ ಚೆಲ್ಲಂತೀರೇನು?" ಅಂದ್ರು.

ಮೇಘಶ್ರೀ ತಲೆ ಅಲ್ಲಾಡಿಸಿದ್ರು. "ನಮ್ಮನೇಲೂ ತಟ್ಟೆ ತೊಳೆದು ಕುಡೀತಾರೆ ಅಜ್ಜಿ. ಚೆಲ್ಲಿ ಅಂತ ನಾನು ಯಾವತ್ತೂ ಹೇಳಲ್ಲ. ಕಮ್ಮಿ ಬಡಿಸಿ. ಬೆರಳ ತುದೀಲಿ ಇಟ್ಟರೂ ಪ್ರಸಾದ ಪ್ರಸಾದನೇ ಅಲ್ವಾ? ತಟ್ಟೆಗೆ ಒಂದು ಚಮಚ ನೀರು ಹಾಕಿದ್ರೂ ತೊಳೆದಂಗಾಗುತ್ತೆ."

ರೇಣವ್ವ ತಮ್ಮ ಸಂಚಿ ಕೈಗೆ ತಗೊಂಡು ನೋಡಿದ್ರು. ಆಮೇಲೆ ದನಿ ಇಳಿಸಿ ಕೇಳಿದ್ರು. "ಇಷ್ಟ ಉಂಡು ನನ್ನ ಮಗಳು ಬದಕ್ತಾಳೇನ್ರಿ?"

"ಇಷ್ಟೇ ಉಂಡು ಮೊದಲಿಗಿಂತ ಗಟ್ಟಿಯಾಗ್ತಾಳೆ. ಏನು ಉಣ್ಣಬೇಕು ಅನ್ನೋದು ಮಾತ್ರ ನಿಮ್ಮ ಕೈಲಿದೆ. ಮುಂದಿನ ರಕ್ತ ಪರೀಕ್ಷೆವರೆಗೂ ಇರಿ, ರಿಪೋರ್ಟ್ ನೋಡಿ ಆಮೇಲೆ ಬೈಯಿರಿ."

ಬೈಯೋಕೆ ಮುಂಗಡವಾಗಿ ಪರ್ಮಿಷನ್ ಸಿಕ್ಕಿತಲ್ಲ, ರೇಣವ್ವ ಉಳ್ಕೊಂಡ್ರು. ನೋಡಬೇಕಿತ್ತು ಆಮೇಲಿನ ಅವತಾರ. ಮೇಘಶ್ರೀ ಹೇಳಿಕೊಟ್ಟದ್ದನ್ನ ಅವರಿಗಿಂತ ಜೋರಾಗಿ ಇವರು ಪಾಲಿಸಿದ್ರು. ತಟ್ಟೇಲಿ ಮೊದಲು ಪ್ರೋಟೀನ್ ಇರೋದು, ಬೇಯಿಸಿ ಮೆದುಮಾಡಿದ ಹೆಸರುಕಾಳು, ಬೇಳೆ, ಗಟ್ಟಿ ಮೊಸರು, ಪನ್ನೀರ್. ಅದು ಹೊಟ್ಟೆ ಸೇರಿದ ಮೇಲೆ ಪಲ್ಯ. ಕೊನೆಗೆ ಜಾಗ ಉಳಿದ್ರೆ ಒಂಚೂರು ಜೋಳದ ನುಚ್ಚು. ಪ್ರತಿ ತುತ್ತೂ ಬಾಯಲ್ಲೇ ನೀರಾಗೋವರೆಗೂ ಅಗೀಬೇಕು. ಬಿಕ್ಕಳಿಕೆ ಬಂತು, ಮೂಗು ಸೋರಿತು, ಎದೆ ಹತ್ರ ಬಿಗಿ ಅನ್ನಿಸ್ತು ಅಂದ್ರೆ ಹೊಟ್ಟೆ ಸಾಕು ಅಂತಿದೆ ಅಂತ ಅರ್ಥ, ಅಲ್ಲಿಗೆ ಕೈ ತೊಳೀಬೇಕು. ನೀರು ಊಟ ಆಗಿ ಅರ್ಧ ಗಂಟೆ ಆದ ಮೇಲೆ, ದಿನವೆಲ್ಲ ಗುಟುಕು ಗುಟುಕು. ನಾನೇ ಒಂದ್ಸಲ ಮರೆತು ದಾನಮ್ಮನಿಗೆ ಊಟದ ಮಧ್ಯೆ ನೀರಿನ ಲೋಟ ಕೊಡೋಕೆ ಹೋಗಿ ಮುದುಕಿ ಹತ್ರ ಬೈಸ್ಕೊಂಡೆ.

ಎಲ್ಲಾ ನೆಟ್ಟಗೆ ನಡೀತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮೂರ್ನಾಲ್ಕು ತಿಂಗಳು ಆಗೋ ಹೊತ್ತಿಗೆ ದಾನಮ್ಮನ ಕೂದಲು ಬಾಚಣಿಗೆ ತುಂಬಾ ಬರೋಕೆ ಶುರುವಾಯ್ತು. ಅದೇ ಸಮಯಕ್ಕೆ ತೂಕ ಇಳಿಯೋದೂ ನಿಂತ್ಕೊಂಡಿತು. ಬೆಳಿಗ್ಗೆ ಬೆಳಿಗ್ಗೆ ಖಾನಾವಳಿ ಹಿಂಬಾಗಿಲಲ್ಲಿ ಕೂತು ಒಬ್ಬಳೇ ಅಳ್ತಿದ್ಳು. ಮತ್ತೆ ಮೇಘಶ್ರೀ ಹತ್ರ ಓಟ. ಬೇಗ ತೂಕ ಇಳಿದಾಗ ಕೂದಲು ಉದುರೋದು ಸುಮಾರು ಜನಕ್ಕೆ ಆಗುತ್ತೆ, ಸರಿಯಾಗಿ ಉಂಡ್ರೆ ಮತ್ತೆ ಬರುತ್ತೆ, ತೂಕವೂ ಅಲ್ಲಲ್ಲಿ ನಿಂತು ನಿಂತೇ ಇಳಿಯೋದು ಅಂದ್ರು. ಕೆದಕಿ ಕೇಳಿದಾಗ ಒಂದು ವಿಷಯ ಹೊರಬಿತ್ತು. ದಾನಮ್ಮ ಮತ್ತೆ ಒಲೆ ಮುಂದೆ ನಿಲ್ಲೋಕೆ ಶುರು ಮಾಡಿದ್ಳಲ್ಲ, ಗಿರಾಕಿಗಳ ಊಟ ಮುಗೀಲಿ ಅಂತ ತನ್ನ ಮಧ್ಯಾಹ್ನದ ಊಟ ಬಿಡ್ತಿದ್ಳು. ಖಾನಾವಳಿ ಹೆಂಗಸರ ಹಳೇ ಚಾಳಿ, ಊರಿಗೆಲ್ಲ ಬಡಿಸಿ ತಾವು ಕೊನೆಗೆ ನಿಂತುಕೊಂಡು ಉಣ್ಣೋದು. ಅವತ್ತಿಂದ ತಿಪ್ಪಣ್ಣ ಊಟದ ರಶ್ ಶುರುವಾಗೋ ಮುಂಚೆನೇ ಹೆಂಡತಿಗೆ ಬಡಿಸಿ, ಎದುರಿಗೆ ಕೂರಿಸಿ, ಅವಳು ಉಂಡಾದ ಮೇಲೇ ಶಟರ್ ಎತ್ತೋಕೆ ಶುರು ಮಾಡಿದ. ಆ ತಿಪ್ಪಣ್ಣನ ಮೇಲೆ ನನಗೆ ಅವತ್ತು ಗೌರವ ಬಂತು.

ರಕ್ತ ಪರೀಕ್ಷೆ ರಿಪೋರ್ಟ್ ಬಂದಾಗ ಸಕ್ಕರೆ ಇಳಿದದ್ದು ನೋಡಿ ಡಾಕ್ಟ್ರೇ ನಕ್ಕರು. ಇನ್ಸುಲಿನ್ನನ್ನ ಅವರೇ ಹಂತಹಂತವಾಗಿ ಕಮ್ಮಿ ಮಾಡ್ತಾ ಬಂದು ಆಮೇಲೆ ನಿಲ್ಲಿಸಿದ್ರು. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಮಾತ್ರ ಜೀವನಪೂರ್ತಿ ಬಿಡಬಾರದು, ಚೆನ್ನಾಗಿದ್ದೀನಿ ಅನ್ನಿಸಿದಾಗಲೂ ಬಿಡಬಾರದು ಅಂತ ಗಟ್ಟಿಯಾಗಿ ಹೇಳಿದ್ರು. ರೇಣವ್ವ ಊರಿಗೆ ಹೋಗೋ ಮಾತೇ ಎತ್ತಲಿಲ್ಲ, ಈಗ ತಾಯಿ ಮಗಳು ಭಾನುವಾರ ಪುಟ್ಟೇನಹಳ್ಳಿ ಕೆರೆ ಸುತ್ತ ನಡೆದು ಬರ್ತಾರೆ. ಸ್ಟೂಲ್ ಗೋಡೆ ಬದಿ ಸೇರಿದೆ, ದಾನಮ್ಮ ನಿಂತ್ಕೊಂಡೇ ರೊಟ್ಟಿ ಬಡೀತಾಳೆ. ಅವಳ ಹಳೇ ಬ್ಲೌಸ್‌ಗಳನ್ನ ಒಳಗೆ ಹಿಡಿದು ಹಿಡಿದು ಹೊಲಿದೆ, ಕೊನೆಗೆ ಹಿಡಿಯೋಕೆ ಬಟ್ಟೆನೇ ಉಳೀಲಿಲ್ಲ, ಎಲ್ಲಾ ಹೊಸದಾಗಿ ಹೊಲಿಯಬೇಕಾಯ್ತು. ಇಷ್ಟು ವರ್ಷದ ಟೈಲರಿಂಗ್‌ನಲ್ಲಿ ಅಷ್ಟು ಖುಷಿಯಿಂದ ನಾನು ಯಾರ ಬಟ್ಟೆನೂ ಹೊಲಿದಿಲ್ಲ.

ಮೊನ್ನೆ ಕೋಣನಕುಂಟೆಯಲ್ಲಿ ತಿಪ್ಪಣ್ಣನ ಚಿಕ್ಕಪ್ಪನ ಮಗ ಬಸವಂತನ ಮನೆ ಗೃಹಪ್ರವೇಶ. ನನ್ನನ್ನೂ ಕರೆದಿದ್ರು. ಪಂಕ್ತೀಲಿ ದಾನಮ್ಮ, ಪಕ್ಕದಲ್ಲಿ ರೇಣವ್ವ, ಆಚೆ ನಾನು. ದಾನಮ್ಮ ಎಲೆ ಮೇಲೆ ಎಲ್ಲಾ ಚೂರು ಚೂರೇ ಹಾಕಿಸ್ಕೊಂಡು, ನಿಧಾನವಾಗಿ ಅಗಿದು, ಎಲೆ ಖಾಲಿ ಮಾಡಿ ಕೂತಿದ್ಳು. ಬಸವಂತ ಹೋಳಿಗೆ ತಟ್ಟೆ ಹಿಡ್ಕೊಂಡು ಬಂದು ಅತ್ತಿಗೆ ಮುಂದೆ ಬಗ್ಗಿದ. ಅವಳು ಎಲೆ ಮೇಲೆ ಎರಡೂ ಕೈ ಅಡ್ಡ ಇಟ್ಟು ಸಾಕು ಅಂದಳು. ಅವನು ಬಿಡಲಿಲ್ಲ. ನಮ್ಮನಿ ಊಟ ಸೇರಲಿಲ್ಲೇನು ವೈನಿ, ಇಷ್ಟು ಸೊರಗೀರಿ, ಇದೊಂದು ತಿನ್ನದಿದ್ರ ನನ್ನ ಮ್ಯಾಲ ಆಣಿ ಅಂತ ಪಂಕ್ತಿಗೆಲ್ಲ ಕೇಳೋಹಂಗೆ ಅಂದ. ಎಲ್ಲರೂ ತಿರುಗಿ ನೋಡಿದ್ರು. ದಾನಮ್ಮನ ಕೈ ಸಡಿಲಾಗಿದ್ದು ನನಗೆ ಕಾಣಿಸ್ತು. ನಾನು ಬಾಯಿ ತೆಗೀಬೇಕು ಅನ್ನೋಷ್ಟರಲ್ಲಿ ರೇಣವ್ವ ಕೈ ಚಾಚಿ ಹೋಳಿಗೆ ತಟ್ಟೆ ತಡೆದ್ರು.

"ನನ್ನ ಮಗಳು ಸಾಕು ಅಂದಾಳ ಬಸವಂತಪ್ಪ. ಆಕಿ ಸಾಕಂದ್ರ ಸಾಕು. ಸೊರಗಿಲ್ಲಪಾ ಆಕಿ, ಗಟ್ಟಿ ಆಗ್ಯಾಳ. ಹಡದಾಕಿ ನಾ ಹೇಳಾಕತ್ತೀನಿ."

ಬಸವಂತ ಪೆಚ್ಚಾಗಿ ಮುಂದಕ್ಕೆ ಹೋದ. ದಾನಮ್ಮ ಅಮ್ಮನ ಮುಖ ನೋಡಿದಳು, ಅವರ ಕೈ ಹಿಡ್ಕೊಂಡು ಕೂತಳು. ನನಗೆ ಎಷ್ಟು ಹೆಮ್ಮೆ ಆಯ್ತು ಅಂತ ಬೇರೆ ಹೇಳಬೇಕಾ?

ಇದನ್ನ ಓದ್ತಿರೋ ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಮನೇಲಿ ಯಾರಿಗಾದ್ರೂ ಈ ಆಪರೇಷನ್ ಆಗಿದ್ರೆ ಅವರ ತಟ್ಟೆಗೆ ಕಮ್ಮಿ ಬಡಿಸಿ, ಪ್ರೋಟೀನ್ ಮೊದಲು ಬಡಿಸಿ, ಸಿಹಿ ದೂರ ಇಡಿ, ಬಿಡುವಾಗಿ ಅಗಿದು ಉಣ್ಣೋಕೆ ಬಿಡಿ. ಮಾತ್ರೆ ಮತ್ತು ರಕ್ತ ಪರೀಕ್ಷೆ ತಪ್ಪಿಸಬೇಡಿ. ಸಕ್ಕರೆ ಕಾಯಿಲೆ ಔಷಧಿಯನ್ನ ಡಾಕ್ಟ್ರು ಹೇಳದೆ ನಿಲ್ಲಿಸಬೇಡಿ. ವಾಂತಿ ನಿಲ್ಲದಿದ್ರೆ, ನೀರೂ ಹೊಟ್ಟೇಲಿ ನಿಲ್ಲದಿದ್ರೆ, ಜ್ವರ ಬಂದ್ರೆ, ಹೊಟ್ಟೆ ನೋವು ಜೋರಾದ್ರೆ, ಎದೆಬಡಿತ ಇಳಿಯದಿದ್ರೆ ಮನೆಮದ್ದು ಮಾಡ್ತಾ ಕೂರದೆ ಆಸ್ಪತ್ರೆಗೆ ಓಡಿ. ಕೂದಲು ಉದುರಿತು, ತೂಕ ನಿಂತಿತು ಅಂದಾಗ ಹೀಯಾಳಿಸಬೇಡಿ, ಡಯಟಿಶಿಯನ್ ಹತ್ರ ಕರ್ಕೊಂಡು ಹೋಗಿ. ನೆಂಟರ ಮನೇಲಿ, ಮದುವೆ ಪಂಕ್ತೀಲಿ ಯಾರಾದ್ರೂ ಒತ್ತಾಯ ಮಾಡೋಕೆ ಬಂದ್ರೆ ಆಪರೇಷನ್ ಆದವರ ಪಕ್ಕದಲ್ಲಿ ಕೂತಿರೋ ನೀವು ಮೊದಲು ಕೈ ಅಡ್ಡ ಹಿಡಿಯಿರಿ. ಒಬ್ಬರೇ ಬೇಡ ಅಂತ ಹೇಳ್ತಾ ಕೂರೋದು ಬಹಳ ಕಷ್ಟ.